ಇಂದೂಳ ಮುಂಜಾನೆಯ ತುತ್ತು

ಹಲವು ಮನೆಗಳ ವಾಡೆಯ ಅಂಗಳದ ನಳಕ್ಕೆ ನೀರು ಬಂದಿತ್ತು. ಕೊಡ ತುಂಬಿ ಹರಿಯುತ್ತಿದ್ದರೂ ಅಂಬಾಬಾಯಿಯ ಕಣ್ಣು ಬಾಗಿಲ ಕಡೆಗೇ. ಬೆಳಗಿನ ಖೋಖೋ ಆಟಕ್ಕೆ ಹೋದ ಮಗಳು ಇಂದೂ ಇನ್ನೂ ಬಂದಿರಲಿಲ್ಲ. ನಿನ್ನೆ ಬಂದವಳೇ ಹೊಸ್ತಿಲ ಮೇಲೆ ಕುಸಿದು ಕೂತಿದ್ದಳು. ಇವತ್ತು ಏನು ಕಾದಿದೆಯೋ ಎಂದು ತಾಯಿಗೆ ನಿಂತಲ್ಲಿ ನಿಲ್ಲಲಾಗದು.

"ಕೊಡಾ ತುಂಬ್ಯದ ನೋಡ, ಅಂಬಾ!" ಅತ್ತೆ ಗೋದಾಬಾಯಿ ಒಳಗಿನಿಂದ ಕೂಗಿದರು.

ಆಗ ಇಂದೂ ಬಂದಳು, ಪಕ್ಕದ ಮನೆಯ ಭಾಮಾಬಾಯಿಯ ತೋಳು ಹಿಡಿದು. ಮುಖ ಸುಣ್ಣದಂತೆ ಬಿಳುಪು. ಭಾಮಾಬಾಯಿ ಬೆಳಗಾವಿ ಕಡೆಯವರು, ಆಸ್ಪತ್ರೆಯಲ್ಲಿ ನರ್ಸು. ರಾತ್ರಿಯ ಕೆಲಸ ಮುಗಿಸಿ ಬರುವಾಗ ಹುಡುಗಿ ಮೈದಾನದಲ್ಲಿ ತಲೆ ಹಿಡಿದು ಕೂತದ್ದನ್ನು ಕಂಡಿದ್ದರು.

"ಗಾಬರಿ ಆಗಬ್ಯಾಡ್ರಿ. ಚಕ್ಕರ ಬಂದಿತ್ತು," ಎಂದರು.

"ನಾ ಮೊದಲೇ ಹೇಳಿದ್ದೆ! ಹೆಣ್ಣುಹುಡುಗಿಗೆ ಈ ಕುದುರಿ ಓಟ ಯಾಕ? ಇವತ್ತಿನಿಂದ ಆಟ ಬಂದ್," ಎನ್ನುತ್ತ ಗೋದಾಬಾಯಿ ಹೊರಬಂದರು.

"ಅಜ್ಜೀ! ರವಿವಾರ ಪಂದ್ಯ ಅದ!" ಇಂದೂಳ ಕಣ್ಣು ತುಂಬಿ ಬಂತು.

ಭಾಮಾಬಾಯಿ ಅವಳ ಬೆನ್ನು ಸವರಿದರು. "ಮುಂಜಾನೆ ಏನ್ ತಿಂದು ಹೋಗಿದ್ದಿ, ಕೂಸs?"

"ಚಹಾ ಕುಡದೆ."

"ಅದರಾಗ ಹಾಲು ಇತ್ತಲ್ಲ?" ಎಂದರು ಅಜ್ಜಿ.

"ಬಣ್ಣಕ್ಕಷ್ಟ ಇತ್ತು, ಅಜ್ಜಿ."

ಭಾಮಾಬಾಯಿಗೆ ನಗು ತಡೆಯಲಿಲ್ಲ. "ಗೋದಕ್ಕಾ, ಒಲಿಗೆ ಕಟ್ಟಿಗಿ ಇಡದs ಬರೇ ಊದಿದ್ರ ಅನ್ನ ಆಗತದೇನ್ರಿ? ಚಹಾ ಹಸಿವಿ ಮುಚ್ಚತದ, ಬಲ ಕೊಡೂದಿಲ್ಲ. ಆಟ ಬಿಡಸಬ್ಯಾಡ್ರಿ. ಓಡೋ ಮೊದಲ ಹಗೂರಂಥಾದ್ದು ಒಂದೀಟು ತಿನ್ನಲಿ. ಬಂದ ಮ್ಯಾಲೆ ನೀರು ಕುಡದು, ರೊಟ್ಟಿ, ಹೆಸರಕಾಳಿನ ಪಲ್ಯಾ, ಸೊಪ್ಪು, ಮಜ್ಜಿಗಿ ಹೊಟ್ಟಿ ತುಂಬ ಉಣ್ಣಲಿ."

"ನೈವೇದ್ಯ ಆಗೂಕಿಂತ ಮೊದಲ? ನಮ್ಮ ಧಾರವಾಡದ ಮನ್ಯಾಗ ಅದು ಎಂದೂ ನಡದಿಲ್ಲ."

ಗಂಟು ಇದ್ದದ್ದೇ ಅಲ್ಲಿ. ಅಂಬಾಬಾಯಿಯ ಗಂಡ ಪ್ರಲ್ಹಾದರಾಯರ ಪೂಜೆ ಮುಗಿಯುವುದು ಕಚೇರಿಗೆ ಹೊರಡುವ ಹೊತ್ತಿಗೆ. ಆಮೇಲೆ ಇಂದೂ ಎರಡು ತುತ್ತು ಸಾರನ್ನ ನುಂಗಿ ಶಾಲೆಗೆ ಓಡುತ್ತಿದ್ದಳು. ಇಷ್ಟು ದಿನ ಬಾಯಿ ಬಿಡದ ಅಂಬಾಬಾಯಿ ಇವತ್ತು ತಡೆಯಲಾರದೆ ಹೋದಳು.

"ಅತ್ಯಾ, ನಿನ್ನೆ ಹೊಸ್ತಲದಾಗ ಕೂತಳು, ಇವತ್ತು ಮೈದಾನದಾಗ. ನಾಳೆ ಟಾಂಗಾದ ಮುಂದ ಬಿದ್ರ?"

ಗೋದಾಬಾಯಿ ದೇವರ ಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಮರುದಿನ ಅಂಬಾಬಾಯಿ ಎದ್ದು ನೋಡಿದರೆ ಅತ್ತೆ ಆಗಲೇ ಮಡಿಯಲ್ಲಿದ್ದರು. ಅಂಬೆಗಾಲಿನ ಬಾಲಕೃಷ್ಣನ ವಿಗ್ರಹದ ಮುಂದೆ ಪುಟ್ಟ ಬಟ್ಟಲು: ಹಾಲಿನಲ್ಲಿ ನೆನೆದ ಅವಲಕ್ಕಿ, ಬೆಲ್ಲ, ಮೇಲೆ ಹುರಿದ ಶೇಂಗಾ.

"ದೇವರಾದ್ರೇನು, ಕೂಸಲ್ಲ? ಅವಗೂ ಮುಂಜಾನೆ ಹಸಿವಿ ಆಗತದ. ದೊಡ್ಡ ಪೂಜಾ ಆಮ್ಯಾಲೆ ನಿನ್ನ ಗಂಡ ಮಾಡಲಿ," ಎಂದರು ಸೊಸೆಯ ಮುಖ ನೋಡದೆ. "ಇಂದೂ, ಬಾ, ಪ್ರಸಾದ ತಗೋ. ಸ್ವಲ್ಪ ತಿನ್ನು, ಹೊಟ್ಟಿ ಭಾರಾದ್ರ ಓಡಲಿಕ್ಕೆ ಬರೂದಿಲ್ಲ. ಉಳದದ್ದು ಬಂದ ಮ್ಯಾಲೆ."

ರವಿವಾರ ಅಂಬಾಬಾಯಿ ಮತ್ತೆ ನಳದ ಹತ್ತಿರ, ಕಣ್ಣು ಮತ್ತೆ ಬಾಗಿಲಿಗೆ. ಕಲ್ಲುಹಾಸಿನ ಮೇಲೆ ದಡದಡ ಹೆಜ್ಜೆ ಕೇಳಿಸಿತು.

"ಅವ್ವಾ, ಹಸಿವಿ!"

"ಗೆದ್ದಿ ಏನs?" ಎಂದು ಅಜ್ಜಿಯೇ ಮೊದಲು ಕೇಳಿದರು.

"ಸೋತ್ವಿ, ಅಜ್ಜಿ. ಆದ್ರ ನಾ ಕಡೀತನಕಾ ಓಡಿದೆ!"

"ಹಂಗಾರ ಮುಂದಿನ ಸಲ ಗೆಲ್ಲತಿ. ಕೈಕಾಲು ತೊಳಿ. ರೊಟ್ಟಿ ಬಿಸಿ ಅದ."

ಅಂಬಾಬಾಯಿ ಅಂದು ಕೊಡವನ್ನು ಹೊರಚೆಲ್ಲದಂತೆ ನೋಡಿಕೊಂಡು ತುಂಬಿದಳು.

ಅಕ್ಕಂದಿರೇ, ಆಡುವ ಮಗು ದುಡಿಯುವ ಮಗು. ಅದು ಗಂಡಾಗಲಿ ಹೆಣ್ಣಾಗಲಿ, ಬರೀ ಚಹಾದ ಮೇಲೆ ಓಡಿಸಬೇಡಿ. ಮನೆಯಲ್ಲಿರುವ ಕಾಳು, ಸೊಪ್ಪು, ಶೇಂಗಾ, ಹಾಲು ಮಜ್ಜಿಗೆಯೇ ಸಾಕು. ಉಂಡರೂ ತಲೆ ಸುತ್ತಿದರೆ ದವಾಖಾನೆಗೆ ಕರೆದೊಯ್ಯಿರಿ. ನಾಳೆ ನಿಮ್ಮ ಮಗು ಹೊಸ್ತಿಲು ದಾಟುವ ಮೊದಲು ಕೈಹಿಡಿದು ನಿಲ್ಲಿಸಿ ಕೇಳಿ: ಏನು ತಿಂದಿ?