ದಲಾತ್ ಬೇಕರಿಯಲ್ಲಿ ಹೆಣ್ಣು ನೋಡಿದ್ದು

ವಿಯೆಟ್ನಾಂನ ದಲಾತ್ ಊರಿನ ಆ ಫ್ರೆಂಚ್ ಬೇಕರಿಯಲ್ಲಿ ಬಡಿಸುವವರಿರಲಿಲ್ಲ. ಗಾಜಿನ ಕಪಾಟಿನ ಮುಂದೆ ನಿಂತು ಬೇಕಾದ್ದನ್ನು ತೋರಿಸಿ, ಟ್ರೇಯನ್ನು ಮೇಜಿಗೆ ತಾವೇ ಹೊತ್ತು ತರಬೇಕು.

"ದೀಪಾ, ನಿಂಗೆ ಇಂಗ್ಲಿಷ್ ಬರುತ್ತಲ್ಲೇ, ನೀನೇ ತಗಂಡು ಬಾ," ಎಂದಳು ಸೋದರತ್ತೆ ದ್ಯಾವಮ್ಮ. "ಹಾಲಪ್ಪಗೌಡ್ರ ಮನೆಯವ್ರಿಗೂ ಸೇರಿಸಿ ತಾ."

ದೀಪಶ್ರೀ ಎದ್ದಳು. ಮಣ್ಣಿನ ಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಮೂಡಿಗೆರೆ ಕಡೆಯ ಬೆಳೆಗಾರರ ಪ್ರವಾಸಕ್ಕೆ ಅಪ್ಪ, ಅತ್ತೆಯ ಜೊತೆ ಅವಳು ಬಂದದ್ದು ಇಲ್ಲಿನ ರೊಬಸ್ಟಾ ಕಾಫಿ ತೋಟಗಳನ್ನು ನೋಡಲಿಕ್ಕೆ. ಬಾಳೂರಿನ ತಮ್ಮ ಮೇಲಿನ ತೋಟವನ್ನು ಈ ವರ್ಷದಿಂದ ನೀನೇ ನೋಡಿಕೋ ಎಂದು ಅಪ್ಪ ಚನ್ನಕೇಶವ ಮಾತು ಕೊಟ್ಟಿದ್ದರು. ಒಳಗೆ ಕ್ರೀಮು ತುಂಬಿದ ಎಕ್ಲೇರ್ ಎಂಬ ಸಿಹಿತಿಂಡಿಯನ್ನು ತೋರಿಸುವಾಗಲೂ ಅವಳ ತಲೆಯಲ್ಲಿ ಗಿಡದಿಂದ ಗಿಡಕ್ಕೆ ಎಷ್ಟು ಅಂತರ ಬಿಡಬೇಕೆಂಬ ಲೆಕ್ಕವೇ ಓಡುತ್ತಿತ್ತು.

ಟ್ರೇ ಹಿಡಿದು ತಿರುಗಿದರೆ ಮೇಜಿನ ಸುತ್ತ ಕೂತ ಕ್ರಮವೇ ಬದಲಾಗಿತ್ತು. ಅದೇ ತಂಡದಲ್ಲಿ ಬಂದಿದ್ದ ಕೊಟ್ಟಿಗೆಹಾರದ ಹಾಲಪ್ಪಗೌಡರು, ಅವರ ಹೆಂಡತಿ, ಮಗ ಲಿಖಿತ್ ಒಂದೇ ಸಾಲಿನಲ್ಲಿ ಕೂತಿದ್ದರು. ಲಿಖಿತ್ ತಲೆ ತಗ್ಗಿಸಿದ್ದ. ಅವನ ಎದುರಿನ ಕುರ್ಚಿಯೊಂದು ಮಾತ್ರ ಖಾಲಿ. ಗೌಡತಿಯ ಕಣ್ಣು ದೀಪಶ್ರೀಯ ಪಾದದಿಂದ ನಿಧಾನವಾಗಿ ಮೇಲೇರಿತು.

ಅವಳಿಗೆ ಅರ್ಥವಾಗಿಹೋಯಿತು. ಊರಲ್ಲಿ ಹೆಣ್ಣು ನೋಡಲು ಬಂದವರು ಜಗಲಿ ಹತ್ತುವಷ್ಟರಲ್ಲಿ ಅವಳು ಹಿಂಬಾಗಿಲಿನಿಂದ ತೋಟ ಸೇರಿರುತ್ತಿದ್ದಳು. ಇಲ್ಲಿ ತಿಂಡಿ, ಕಾಫಿಯ ತಟ್ಟೆಯನ್ನು ತಾನಾಗಿ ಹೊತ್ತು ತಂದು ನಿಂತಿದ್ದಳು.

"ಬಾರಮ್ಮ, ಗೌಡ್ರಿಗೆ ಮೊದ್ಲು ಕೊಡು," ಎಂದರು ಅಪ್ಪ. ದನಿಯಲ್ಲಿ ಎಂದೂ ಇಲ್ಲದ ನಯ.

ಅವಳು ಯಾರಿಗೂ ಕೊಡಲಿಲ್ಲ. ಟ್ರೇಯನ್ನು ಮೇಜಿನ ಮೇಲಿಟ್ಟು, ಕೂತು, ಒಂದು ಎಕ್ಲೇರ್ ಎತ್ತಿ ಕಚ್ಚಿದಳು. ಕ್ರೀಮು ಗಲ್ಲಕ್ಕೆ ಮೆತ್ತಿತು.

"ಅಯ್ಯೋ, ಹಿರೇರ ಮುಂದೆ ಇದೆಂಥದೇ!" ಅತ್ತೆ ಮೊಣಕೈಯಿಂದ ತಿವಿದಳು.

ಗೌಡತಿ ಗಟ್ಟಿಯಾಗಿ ನಕ್ಕರು. "ಬಿಡಿ ದ್ಯಾವಮ್ಮ. ನಾವು ನೋಡಿದ ಹುಡುಗೀರೆಲ್ಲ ಬಾಯಿಗೆ ಬೀಗ ಹಾಕ್ಕಂಡು ಕೂತಿದ್ವು. ಇವ್ಳು ನಮ್ಮನೆಗೆ ಹೇಳಿ ಮಾಡಿಸಿದಂಗಿದಾಳೆ. ಏನೋ ಲಿಖಿತ್?"

"ನೀವು ಹೇಳ್ದಂಗೆ," ಎಂದ ಲಿಖಿತ್, ಮೇಜಿಗೆ.

ತನ್ನನ್ನು ಬೇಡವೆನ್ನಲಿ ಎಂದು ದೀಪಶ್ರೀ ಮಾಡಿದ್ದೇ ಒಪ್ಪಿಗೆಯಾಗಿ ಅವಳ ಸುತ್ತ ಬೇಲಿ ಕಟ್ಟುತ್ತಿತ್ತು. ಅಷ್ಟರಲ್ಲಿ ಅಪ್ಪ ಎರಡೂ ಕೈಯಲ್ಲಿ ಎಕ್ಲೇರ್ ಹಿಡಿದು ಹಾಲಪ್ಪಗೌಡರ ಮುಂದೆ ಚಾಚಿದರು. "ಹಂಗಾದ್ರೆ ಬಾಯಿ ಸಿಹಿ ಮಾಡ್ಕಳಿ ಗೌಡ್ರೆ."

ಗೌಡರು ಆ ಸಿಹಿ ತಿಂದರೆ ಮಾತು ಮುಗಿದ ಹಾಗೆ. ಅವರು ಅದನ್ನು ತೆಗೆದುಕೊಂಡು ಬಾಯಿಗೆ ಒಯ್ದರು.

"ತಿನ್ಬೇಡಿ ಗೌಡ್ರೆ," ಎಂದಳು ದೀಪಶ್ರೀ. "ನಂಗೆ ಒಪ್ಪಿಗೆ ಇಲ್ಲ. ಹೆಣ್ಣು ನೋಡೋದು ಅಂತ ನಂಗೆ ಯಾರೂ ಹೇಳಿರ್ಲಿಲ್ಲ."

ಗೌಡತಿಯ ನಗು ನಿಂತಿತು. ಅಪ್ಪ ಅವಳತ್ತ ನೋಡದೆ, ತುಟಿ ಅಲುಗಿಸದ ಹಾಗೆ ಹೇಳಿದರು: "ಮೇಲಿನ ತೋಟದ ಆಸೆ ಬಿಟ್ಬಿಡು."

"ಅದು ನೀವು ಕೊಟ್ಟ ಮಾತು. ಬೇಕಾದ್ರೆ ವಾಪಸ್ ತಗಳಿ ಅಪ್ಪ. ಈ ಮದ್ವೆ ಮಾತನ್ನ ನಾನು ಕೊಟ್ಟಿಲ್ಲ."

ಹಾಲಪ್ಪಗೌಡರು ಎಕ್ಲೇರನ್ನು ಕಾಗದದ ಕರವಸ್ತ್ರದ ಮೇಲಿಟ್ಟು ಬೆರಳು ಒರೆಸಿಕೊಂಡರು. ಯಾರೂ ಏಳಲಿಲ್ಲ. ಎದ್ದು ಹೋಗುವುದಾದರೂ ಎಲ್ಲಿಗೆ? ಹನೋಯ್ ನೋಡುವುದು ಇನ್ನೂ ಬಾಕಿ ಇತ್ತು. ಊರಿಗೆ ಮರಳಲು ಇಡೀ ತಂಡಕ್ಕೆ ಸೇರಿ ಒಂದೇ ಟಿಕೆಟ್ಟು.