ಅಪ್ಪ ಅಳುವ ಪ್ರವೇಶ

ಅಪ್ಪನ ನಾಟಕದ ಕೋಟಿಗೆ ನಾನು ಗುಂಡಿ ಹಚ್ಚುತ್ತಿದ್ದೆ. ಅವ್ವ ಎದುರಿಗೆ ಕುಳಿತು ಅದೇ ಕೋಟಿನ ತೋಳಿಗೆ ಅಂಟಿದ್ದ ಮುಖದ ಬಣ್ಣವನ್ನು ಒದ್ದೆ ಅರಿವೆಯಿಂದ ಒರೆಸುತ್ತಿದ್ದಳು. ಅಪ್ಪ ಬಾಗಿಲಲ್ಲಿ ನಿಂತು ನಮ್ಮ ಕೈಗಳನ್ನು ನೋಡುತ್ತಿದ್ದ. ದಾರಕ್ಕೆ ಗಂಟು ಹಾಕಿ ಹಲ್ಲಿನಿಂದ ಕಡಿದೆ. ಅಪ್ಪ ಕೋಟು ಇಸಿದುಕೊಂಡು ತಾಲೀಮಿಗೆ ಹೊರಟ.

ಅದಕ್ಕೂ ಮೊದಲು ಅವ್ವ ಒಂದು ಮಾತು ಕೇಳಿದ್ದಳು. ನಿನ್ನೆ ಹಾನಗಲ್ಲಿನಿಂದ ಅಕ್ಕ ತನುಜಾ ಫೋನ್ ಮಾಡಿದ್ದಳು. ಅವಳಿಗೀಗ ಏಳು ತಿಂಗಳು. ಚೊಚ್ಚಲ ಬಸಿರಿಗೆ ತವರಿನವರು ಹಸಿರು ಸೀರೆ ಉಡಿಸಿ ಕುಬಸದ ಶಾಸ್ತ್ರ ಮಾಡಬೇಕು, ಆಮೇಲೆ ಹೆರಿಗೆಗೆ ಮನೆಗೆ ಕರೆತರಬೇಕು. "ನಿಮ್ಮವರು ಮಾಡ್ತಾರೋ, ಇಲ್ಲಾ ನಾವ ಮಾಡಬೇಕೋ, ಸೋಮವಾರದೊಳಗ ಕೇಳಿ ಹೇಳು" ಎಂದು ಅವಳ ಅತ್ತೆ ಹೇಳಿದ್ದಾಳಂತೆ. ಇವತ್ತು ರವಿವಾರ. ಅವ್ವ ಇದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಅಪ್ಪ, "ಕೋಟಿನ ಗುಂಡಿ ಹರದೈತಿ" ಎಂದ.

ಅಪ್ಪ ನಮ್ಮೂರ ಹಿರಿಯರಲ್ಲಿ ಒಬ್ಬ. ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕುಳಿತು ನ್ಯಾಯ ಹೇಳುತ್ತಾನೆ. ನಾಲ್ಕು ವರ್ಷದ ಹಿಂದೆ ನಮ್ಮೂರ ಹುಚ್ಚಪ್ಪನ ಮಗಳು ತಾನು ಮೆಚ್ಚಿದವನನ್ನು ಮದುವೆಯಾದಳು. ಅವಳನ್ನು ಮನೆಯೊಳಗೆ ಕರೆದರೆ ಊರಲ್ಲಿ ಯಾರೂ ಹುಚ್ಚಪ್ಪನ ಮನೆಯ ನೀರು ಕುಡಿಯಬಾರದು ಎಂದು ಅಪ್ಪ ಹೇಳಿದ. ಹುಚ್ಚಪ್ಪ ಹೂಂ ಅಂದ. ವರ್ಷ ತುಂಬುವುದರೊಳಗೆ ನಮ್ಮ ಅಕ್ಕ ಜಗದೀಶನನ್ನು ಮದುವೆಯಾದಳು. ಅವನು ಹಾನಗಲ್ಲಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ, ನಮ್ಮ ಜಾತಿಯವನಲ್ಲ. ಅಪ್ಪ ತಾನು ಹೇಳಿದ ನ್ಯಾಯವನ್ನು ತನ್ನ ಮನೆಗೂ ಹೇಳಿಕೊಂಡ. ಸುಭಾಸಣ್ಣನ ಮಾತು ಅಂದರೆ ಮಾತು ಎಂದು ಊರು ಮೆಚ್ಚಿತು. ಆಮೇಲೆ ಸುತ್ತಲಿನ ಮೂರು ಊರಿನವರೂ ನ್ಯಾಯಕ್ಕೆ ಅಪ್ಪನನ್ನು ಕರೆಯತೊಡಗಿದರು.

ನಾಟಕದಲ್ಲಿ ಅಪ್ಪನದು ಬೇರೆ ಕತೆ.

ಹಾರ್ಮೋನಿಯಂ ಪೇಟಿ ನುಡಿಸುವ ಸವಣೂರಿನ ಮಾಸ್ತರ ಖಲಂದರ ಸಾಹೇಬರು ಬರೆದ ನಾಟಕ ಅದು. ಅದರಲ್ಲಿ ಅಪ್ಪ ಸಾಹುಕಾರ. ಸಾಹುಕಾರನ ಮಗಳು ಸುಲೋಚನಾ ಪ್ರೀತಿಸಿದವನ ಹಿಂದೆ ಹೋಗುತ್ತಾಳೆ, ಸಾಹುಕಾರ ಬಾಗಿಲು ಹಾಕುತ್ತಾನೆ. ಕಡೆಯ ಪ್ರವೇಶದಲ್ಲಿ ಅವಳು ಬಂದು ಹೊರಗೆ ನಿಂತಾಗ ಬಾಗಿಲು ತೆಗೆದು ಅಳುತ್ತಾನೆ. ಅಪ್ಪ ಅಳುವುದನ್ನು ನೋಡಲು ಶಿಗ್ಗಾಂವ, ಬಂಕಾಪುರದಿಂದ ಜನ ಟೆಂಪೋ ಮಾಡಿಕೊಂಡು ಬರುತ್ತಾರೆ. ಹಿರೇಕೆರೂರ ಕಡೆಯ ಒಬ್ಬ ರೈತ ನಾಟಕ ನೋಡಿ, ಮರುದಿನವೇ ಹೋಗಿ ತನ್ನ ಮಗಳನ್ನು ಕರೆತಂದನಂತೆ. ಮುಂದಿನ ತಿಂಗಳು ನಮ್ಮೂರಿಗೆ ಬಂದು ಅಪ್ಪನಿಗೆ ಶಾಲು ಹೊದಿಸಿ, ಕಾಲು ಮುಟ್ಟಿ ಹೋದ. ಅದರ ಫೋಟೋ ನಡುಮನೆಯಲ್ಲಿದೆ. ಅದರ ಧೂಳನ್ನು ಅವ್ವ ಒರೆಸುವುದಿಲ್ಲ, ನಾನು ಒರೆಸುತ್ತೇನೆ.

ಅಪ್ಪನಿಗೆ ಮಾತು ಬಾಯಿಪಾಠ ಆಗುವುದಿಲ್ಲ. ಪಡದೆಯ ಹಿಂದಿನಿಂದ ಯಾರಾದರೂ ಓದಿ ಹೇಳಬೇಕು. ಅಪ್ಪ ಅದನ್ನು ಕೇಳಿ, ದನಿ ಏರಿಸಿ, ಕೈ ಎತ್ತಿ ಹೇಳುತ್ತಾನೆ. ಓದಿ ಹೇಳುವವಳು ನಾನು. ಎಂಟನೆಯ ಇಯತ್ತೆಗೆ ಸಾಲಿ ಬಿಟ್ಟಿದ್ದರೂ ನನ್ನ ಓದು ಸ್ಪಷ್ಟ. ಜನರ ಮುಂದೆ ನಿಂತರೆ ನನಗೆ ಮಾತು ಬರುವುದಿಲ್ಲ. ಪಡದೆಯ ಹಿಂದೆ ಬರುತ್ತದೆ.

"ಸುನಿತಾ, ನೀ ಬರೇ ಓದು. ಭಾವನಾ ಹಾಕಬ್ಯಾಡ. ಭಾವನಾ ಹಾಕಾಕ ನಿಮ್ಮಪ್ಪ ಅದಾನ" ಎಂದು ಮಾಸ್ತರರು ಮೊದಲ ದಿನವೇ ಹೇಳಿದ್ದರು. ಮೂರು ವರ್ಷದಿಂದ ಹಾಗೆಯೇ ಓದುತ್ತಿದ್ದೇನೆ.

ಒಂದು ಸಲ ನಾನು ಮಾಸ್ತರರನ್ನು ಕೇಳಿದ್ದೆ, ಸಾಹುಕಾರ ಕಡೆಗೆ ಮಗಳನ್ನು ಯಾಕೆ ಕರೆಯುತ್ತಾನೆ ಎಂದು.

"ಕರೀಲಿಲ್ಲಂದ್ರ ಮಂದಿ ಖುರ್ಚಿ ಒಗೀತಾರವ್ವಾ" ಎಂದರು.

ಅಪ್ಪ ನ್ಯಾಯ ಹೇಳುವ ಕಟ್ಟೆಯ ಮುಂದೆ ಕೂರುವವರೂ ಅದೇ ಮಂದಿ. ಅಲ್ಲಿ ಎಸೆಯಲು ಖುರ್ಚಿ ಇರುವುದಿಲ್ಲ.

ಮಧ್ಯಾಹ್ನ ಸಮುದಾಯ ಭವನದಲ್ಲಿ ತಾಲೀಮು ಶುರುವಾಯಿತು. ಸುಲೋಚನಾ ಪಾತ್ರದ ಗುಲ್ನಾರಕ್ಕ ಸವಣೂರಿನ ಬಸ್ಸಿಗೆ ಬಂದಳು. ಹನ್ನೆರಡು ವರ್ಷದಿಂದ ಅವಳು ಊರೂರಲ್ಲಿ ಮಗಳ ಪಾತ್ರ ಮಾಡುತ್ತಿದ್ದಾಳೆ. ವಯಸ್ಸಿನಲ್ಲಿ ಅಪ್ಪನಿಗಿಂತ ಐದಾರು ವರ್ಷ ಚಿಕ್ಕವಳು.

"ಸುಭಾಸಣ್ಣಾರ, ಈ ಸಲ ತಲಿ ಮ್ಯಾಲೆ ಕೈ ಮೆತ್ತಗ ಇಡ್ರಿ. ಹಿರೇಕೆರೂರಾಗ ನನ್ನ ಜಡಿಯ ಚೌಲಿ ಕಿತ್ತು ನಿಮ್ಮ ಕೈಯಾಗ ಬಂದಿತ್ತು" ಎಂದಳು.

"ಆದ್ರೂ ಮಂದಿ ಅತ್ತರಲ್ಲ" ಎಂದ ಅಪ್ಪ.

"ಅವರು ಅತ್ತರು. ನಾ ಚೌಲಿ ಹುಡಿಕ್ಯಾಡಿದೆ."

ಸಾಹುಕಾರನ ಆಳಿನ ಪಾತ್ರ ಹುಚ್ಚಪ್ಪನದು. ಅವನು ಕಂದೀಲು ಹಿಡಿದು ಮೂಲೆಯಲ್ಲಿ ನಿಂತು ನಕ್ಕ. ಆ ಪಾತ್ರಕ್ಕೆ ಮಾತು ಕಡಿಮೆ. ಬಾಗಿಲು ಹಾಕು ಅಂದಾಗ ಹಾಕಬೇಕು, ತೆಗೆ ಅಂದಾಗ ತೆಗೆಯಬೇಕು.

ಗುಲ್ನಾರಕ್ಕ ಪಡದೆಯ ಹಿಂದೆ ಬಂದು ಸೀರೆಗೆ ಪಿನ್ನು ಹಾಕಿಕೊಳ್ಳುತ್ತ, "ಅಕ್ಕ ಹೆಂಗದಾಳ?" ಎಂದಳು.

"ಏಳು ತಿಂಗಳು."

"ಕುಬಸಾ ಯಾವಾಗ?"

ನಾನು ಪುಸ್ತಕದ ಹಾಳೆ ತಿರುವಿದೆ.

"ನನ್ನ ಹನ್ನೊಂದು ಸಲ ಒಳಗ ಕರದಾರ ನಿಮ್ಮಪ್ಪ" ಎಂದು ಹೇಳಿ ಅವಳು ಸ್ಟೇಜಿಗೆ ಹೋದಳು.

ಆಮೇಲೆ ಆದದ್ದು ಬಾಯಿ ತಪ್ಪಿ ಆದದ್ದಲ್ಲ. ಹಿಂದಿನ ದಿನವೇ ನಾನು ಪುಸ್ತಕದಲ್ಲಿ ಸಾಹುಕಾರನ ಕಡೆಯ ಮಾತಿನ ಕೆಳಗೆ ಪೆನ್ಸಿಲ್ಲಿನಿಂದ ನಾಲ್ಕು ಸಾಲು ಬರೆದಿದ್ದೆ. ಮಾಸ್ತರರ ಸಾಲು ಹೀಗಿತ್ತು: 'ಬಾ ಮಗಳೇ ಸುಲೋಚನಾ! ಊರು ಬಾಗಿಲು ಮುಚ್ಚಿದರೇನು, ಹೆತ್ತವನ ಎದೆ ಮುಚ್ಚೀತೇ?' ಅದನ್ನು ಬಿಟ್ಟು ನನ್ನದನ್ನು ಓದಿದೆ. ಭಾವನಾ ಹಾಕಲಿಲ್ಲ.

"ಬಾ ಮಗಳೇ ತನುಜಾ."

"ಬಾ ಮಗಳೇ ತನುಜಾ!" ಎಂದ ಅಪ್ಪ, ಎರಡೂ ಕೈ ಚಾಚಿ.

"ಕಟ್ಟೆಯ ಮೇಲೆ ಆಡಿದ ಮಾತು ನನ್ನದು."

"ಕಟ್ಟೆಯ ಮೇಲೆ ಆಡಿದ ಮಾತು ನನ್ನದು!"

"ಅದನ್ನು ನಾನೇ ಹಿಂದಕ್ಕೆ ತೆಗೆದುಕೊಂಡೆ."

"ಅದನ್ನು ನಾನೇ ಹಿಂದಕ್ಕೆ ತೆಗೆದುಕೊಂಡೆ!"

"ನಿನ್ನ ಕುಬಸ ಈ ಮನೆಯಲ್ಲೇ ಆಗುತ್ತದೆ."

"ನಿನ್ನ ಕುಬಸ..." ಎಂದ ಅಪ್ಪ. ಕೈ ಗುಲ್ನಾರಕ್ಕನ ತಲೆಯ ಮೇಲಿತ್ತು.

ಪೇಟಿ ನಿಂತಿತು. ಅವ್ವ ಚಹಾದ ಕಿಟ್ಲಿ ಹಿಡಿದುಕೊಂಡು ಆಗಷ್ಟೇ ಒಳಗೆ ಬಂದಿದ್ದಳು, ಬಾಗಿಲಲ್ಲೇ ನಿಂತಳು. ಗುಲ್ನಾರಕ್ಕ ಬಗ್ಗಿಸಿದ ತಲೆ ಎತ್ತಲಿಲ್ಲ.

"ಮಾಸ್ತರ, ಇದನ್ಯಾವಾಗ ಬರದ್ರಿ?" ಎಂದು ಅಪ್ಪ ಕೇಳಿದ.

"ನಾ ಬರದಿಲ್ಲರಿ" ಎಂದರು ಮಾಸ್ತರರು. ಪೇಟಿಯಿಂದ ಕೈ ತೆಗೆದು, "ಖರೇ ಹೇಳಬೇಕಂದ್ರ ನನ್ನದಕ್ಕಿಂತ ಚಲೋ ಐತಿ" ಎಂದರು.

ಅಪ್ಪ ಪಡದೆ ಸರಿಸಿ ನನ್ನ ಕೈಯಿಂದ ಪುಸ್ತಕ ಇಸಿದುಕೊಂಡ. ಬೆರಳಿಟ್ಟು ಓದಿದ. ಕಡೆಯ ಸಾಲನ್ನು ಎರಡು ಸಲ ಓದಿದ. ತಿರುಗಿ ಹುಚ್ಚಪ್ಪನ ಕಡೆ ನೋಡಿದ. ನಾನೂ ನೋಡಿದೆ. ಊರಲ್ಲಿ ಈ ಮಾತಿಗೆ ಬೈಯುವ ಹಕ್ಕು ಯಾರಿಗಾದರೂ ಇದ್ದರೆ ಅದು ಅವನಿಗೆ.

ಹುಚ್ಚಪ್ಪ ಕಂದೀಲನ್ನು ಈ ಕೈಯಿಂದ ಆ ಕೈಗೆ ದಾಟಿಸಿದ.

"ಇರ್ಲಿ ಬಿಡ್ರಿ ಸುಭಾಸಣ್ಣ, ಆ ಮಾತು. ಅಳಿಸಬ್ಯಾಡ್ರಿ" ಎಂದ. "ನನ್ನ ಮಗಳ ಕೂಸಿಗೆ ಎರಡು ವರ್ಷ ಆತು. ಫೋಟೋದಾಗ ನೋಡೇನಿ. ಮೂಗು ನಮ್ಮವ್ವನ ಹಂಗ ಐತಿ."

ಅಪ್ಪ ಸಾಹುಕಾರನ ಖುರ್ಚಿಯಲ್ಲಿ ಕುಳಿತ. ಪುಸ್ತಕ ಮುಚ್ಚಿ ತೊಡೆಯ ಮೇಲೆ ಇಟ್ಟುಕೊಂಡ. ತಾಲೀಮಿನಲ್ಲಿ ಅಪ್ಪ ಅಳುವುದಿಲ್ಲ, ಅಳುವುದನ್ನು ನಾಟಕದ ದಿನಕ್ಕೆ ಇಟ್ಟುಕೊಳ್ಳುತ್ತಾನೆ. ಇವತ್ತೂ ಅಳಲಿಲ್ಲ.

"ಮೊದಲಿಂದ ತಗೊಳ್ಳೋಣೇನ್ರಿ?" ಎಂದು ಮಾಸ್ತರರು ಪೇಟಿಯ ಮೇಲೆ ಬೆರಳಿಟ್ಟರು. ಒತ್ತಲಿಲ್ಲ.

ನಾನು ಪಡದೆ ದಾಟಿ ಸ್ಟೇಜಿನ ಮೇಲೆ ಬಂದೆ. ಅಷ್ಟು ಜನರ ಮುಂದೆ ನಾನು ಹಿಂದೆಂದೂ ನಿಂತಿರಲಿಲ್ಲ. ಆದರೂ ಮಾತು ಬಂತು.

"ಅಪ್ಪಾ, ನಾಳೆ ಮುಂಜಾನೆ ಹಾನಗಲ್ಲ ಬಸ್ಸಿಗೆ ನಾನೂ ಅವ್ವಾ ಹೋಗಿ ಅಕ್ಕನ್ನ ಕರಕೊಂಡು ಬರ್ತೇವಿ. ಹೋಗ್ರಿ ಅಂತ ಹೇಳು."

ಅಪ್ಪ ನನ್ನನ್ನು ನೋಡಿದ. ಮಾಸ್ತರರು ಅಪ್ಪನನ್ನು ನೋಡಿದರು. ಅವ್ವ ಕಿಟ್ಲಿಯನ್ನು ನೆಲಕ್ಕಿಟ್ಟಳು. ನಾನು ಇನ್ನೊಂದು ಸಲ, ಮೊದಲಿಗಿಂತ ನಿಧಾನವಾಗಿ, ಪಡದೆಯ ಹಿಂದಿನಿಂದ ಓದಿ ಹೇಳುವ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದೆ.

"ಹೋಗ್ರಿ ಅಂತ ಹೇಳಪ್ಪಾ."