ಸೇತುವೆಯ ಮುಂದಿನ ಕೂಗು

ಕರಕರ, ಕರಕರ, ಜಲ್ಲಿ ಮಾತ್ರ ಉಳಿದಿದೆ, ಹಳಿ ಕಿತ್ತರು, ಹಳಿಯಡಿಯ ಮರದ ದಿಮ್ಮಿ ಕಿತ್ತರು, ಜಲ್ಲಿ ಯಾರಿಗೆ ಬೇಕು ಎಂದು ಬಿಟ್ಟುಹೋದರು, ಹೊಸ ಹಲ್ಲಿನ ಸೆಟ್ಟು ಹಾಕಿಕೊಂಡವರು ಮೊದಲ ದಿನ ಅಗಿಯುವಾಗ ಹೀಗೇ ಸದ್ದು ಬರುತ್ತದೆ ಎಂದುಕೊಂಡ ಅವನು, ಹಲ್ಲಿನ ಸೆಟ್ಟು ಮಾಡುವುದೇ ಕಸುಬಾದ್ದರಿಂದ ಅವನಿಗೆ ಲೋಕವೆಲ್ಲ ಒಂದು ತೆರೆದ ಬಾಯಿ — ಎಡಕ್ಕೆ ಆಳದಲ್ಲಿ ನದಿ, ಬಲಕ್ಕೆ ಕಡಿದು ನಿಲ್ಲಿಸಿದ ಬಂಡೆ, ನಡುವೆ ರೈಲು ಬಿಟ್ಟುಕೊಟ್ಟ, ಸೈಕಲ್ಲಿನವರು ಹಿಡಿದ ದಾರಿ, ಮತ್ತು ಬೆನ್ನ ಹಿಂದೆ, ಈ ಎರಡು ಸೀಟಿನ ಸೈಕಲ್ಲಿನ ಹಿಂದಿನ ಸೀಟಿನಲ್ಲಿ, ಮಾವ. ಏನಯ್ಯಾ ಮುಂದೆ? ನೇರ ದಾರಿ ಮಾವ. ನೇರ ದಾರಿ, ಎಂದು ಮಾವ ತಿರುಗಿ ಕೂಗುತ್ತಾರೆ, ಅವನು ಮಾಡಿಕೊಟ್ಟ ಮೇಲಿನ ಸೆಟ್ಟು ಟಕ್ ಎನ್ನುತ್ತದೆ. ಊಟದ ಮೇಜಿನಲ್ಲಿ ಅಳಿಯಂದ್ರೇ ಬನ್ನಿ, ಅಳಿಯಂದ್ರೇ ಕೂತ್ಕೊಳ್ಳಿ; ಸೈಕಲ್ ಹತ್ತಿದರೆ ಸೀದಾ ಏಕವಚನ, ಇಂಜಿನ್ನಿನಲ್ಲಿ ಸಹಾಯಕನಿಗೆ ಬಹುವಚನ ಕೊಟ್ಟವರುಂಟೇ. ಇದೇ ಕಣಿವೆಯಲ್ಲಿ, ಇದೇ ಜಲ್ಲಿಯ ಮೇಲೆ ರೈಲು ಓಡಿಸಿದವರು ಮಾವ, ಮೊದಲು ರೈಲು ನಿಂತಿತು, ಆಮೇಲೆ ಕಣ್ಣು ಮಸುಕಾಯಿತು, ಈಗ ಹಗಲೋ ರಾತ್ರಿಯೋ ಎಂದಷ್ಟೇ ತಿಳಿಯುತ್ತದೆ, ಹಳಿ ಕಿತ್ತುಹೋದರೂ ಅಳಿಯನನ್ನು ಹಳಿಯುವುದು ಮಾತ್ರ ನಿಂತಿಲ್ಲ — ಈ ಮಾತನ್ನು ಹೆಂಡತಿಗೆ ಹೇಳಿದ್ದ, ಅವಳು ನಗಲಿಲ್ಲ. ಅವಳು ನಗದೆ ಇದ್ದದ್ದಕ್ಕೆ ಬೇರೆ ಕಾರಣವಿತ್ತು, ಸೇತುವೆ. ಸೇತುವೆ ಇನ್ನೆಷ್ಟು ದೂರವೋ, ಸುರಂಗ ದಾಟಿದರೆ ಬಂತು, ಬಂತು ಅಂದರೆ ಏನು ಬಂತು, ನದಿಯ ನಡುವೆ ಎರಡು ಕಲ್ಲಿನ ಕಂಬ, ಮೇಲೆ ಏನೂ ಇಲ್ಲ.

ಕಬ್ಬಿಣವನ್ನೆಲ್ಲ ಬಿಚ್ಚಿ ಲಾರಿಗೆ ತುಂಬಿದ ದಿನ ಹೆಂಡತಿ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಹೇಳಿದ್ದಳು, ಅಪ್ಪಂಗೆ ಹೇಳ್ಬೇಡ ಕಣೋ, ಹಳಿ ಕಿತ್ತ ಸುದ್ದಿಗೇ ಅವರು ಎಷ್ಟು ದಿನ ಗೋಡೆ ಕಡೆ ತಿರುಗಿ ಮಲಗಿದ್ರು ನೋಡಿದ್ದೀಯಲ್ಲ. ಹೇಳದೆ ಇರುವುದು ಬೇರೆ, ಆದರೆ ಮಾವ ಆ ಸಂಜೆಯೇ, ಸೇತುವೆ ಹೇಗಿದೆ ಈಗ, ಎಂದು ಕೇಳಿಬಿಟ್ಟರು. ಹಲಗೆ ಹಾಕಿದ್ದಾರಪ್ಪ, ಸೈಕಲ್ ಹೋಗೋ ಹಾಗೆ, ಅಂದಳು ಮಗಳು. ಅಷ್ಟಕ್ಕೇ ಬಿಡಬಹುದಿತ್ತು, ಬಾಯಿಚಪಲದ ಅಳಿಯ ಬಿಡಬೇಕಲ್ಲ, ಗಟ್ಟಿ ಹಲಗೆ ಮಾವ, ಎರಡೂ ಕಡೆ ಕಟಕಟೆ ಬೇರೆ, ಹಸಿರು ಬಣ್ಣ ಹೊಡೆದಿದ್ದಾರೆ. ಹಸಿರಾ? ಒಳ್ಳೇದು. ಜನ ಸುಳ್ಳಿಗೆ ಬಣ್ಣ ಕಟ್ಟುತ್ತಾರೆ ಎಂಬುದನ್ನು ಕೇಳಿದ್ದ, ಡಬ್ಬಿ ತೆರೆದು ಕುಂಚ ಹಿಡಿದು ಬಳಿದವನು ತಾನೊಬ್ಬನೇ. ಅಂದಿನಿಂದ ಮಾವನಿಗೆ ಒಂದೇ ಹಟ, ಒಂದ್ಸಲ ಕರ್ಕೊಂಡು ಹೋಗಿ ಅಳಿಯಂದ್ರೇ, ಸೇತುವೆ ಮೇಲೆ ಸದ್ದು ಬದಲಾಗುತ್ತೆ, ಅದನ್ನ ಕೇಳ್ಬೇಕು. ಮಂಡಿ ನೋವು ಅಂದ, ಚೈನು ಸವೆದಿದೆ ಅಂದ, ಮೋಡ ಅಂದ, ಕೊನೆಗೆ ಸುಳ್ಳುಗಳೇ ಸವೆದು ಇವತ್ತು ಹೊರಟಾಗಿದೆ. ಬೆಳಿಗ್ಗೆ ಹೆಂಡತಿ ಗಾಳಿ ಪಂಪು ಕೈಗೆ ಕೊಡುತ್ತ ಪಿಸುಗುಟ್ಟಿದಳು, ಸುರಂಗ ದಾಟಿದ ತಕ್ಷಣ ಮರ ಬಿದ್ದಿದೆ ಅಂತ ಹೇಳಿ ವಾಪಸ್ ಬಾ, ನಾಟಕ ಮಾಡೋದು ನಿನಗೆ ಹೇಳ್ಕೊಡ್ಬೇಕಾ. ಬೇಕಿಲ್ಲ. ನಾಲ್ಕು ಜನ ನೆಂಟರು ಸೇರಿದರೆ ಅವನು ಮಾವನನ್ನೇ ಮಾಡಿ ತೋರಿಸುತ್ತಾನೆ, ಆ ಗಂಟಲು, ಆ ಟಕ್ ಎನ್ನುವ ಹಲ್ಲು, ಆಮೇಲೆ ಇಂಜಿನ್ನು, ಆಮೇಲೆ ಸೇತುವೆ ಮೇಲಿನ ರೈಲು, ಗಡಗಡ ಧಡಾಲ್ ಗಡಗಡ ಧಡಾಲ್, ಮಾವ ಎಲ್ಲರಿಗಿಂತ ಜೋರಾಗಿ ನಕ್ಕು, ಸೇತುವೆ ಪರವಾಗಿಲ್ಲ, ನಾನು ಮಾತ್ರ ಅಷ್ಟು ಕೆಟ್ಟದಾಗಿಲ್ಲ, ಎನ್ನುತ್ತಾರೆ. ಹಾಗಿದ್ದರೆ ಹಲಗೆ ಮೇಲೆ ಸೈಕಲ್ ಹೋಗುವ ಸದ್ದು ಯಾವ ಮಹಾ, ನಾಲಿಗೆ ಅಂಗುಳಕ್ಕೆ ತಾಗಿಸಿ ದಡದಡದಡ, ನಿಂತಲ್ಲೇ ಚಕ್ರ ತಿರುಗಿಸಿದರಾಯಿತು — ಥೂ.

ಏನಯ್ಯಾ ಮುಂದೆ, ಬಾಯಿಗೆ ಬೀಗ ಬಿತ್ತಾ? ಸುರಂಗ ಮಾವ. ಸುರಂಗ. ಸೀಟಿ ಹಾಕು ಮತ್ತೆ, ಸೀಟಿ ಹಾಕದೆ ಒಳಗೆ ಹೋದೋರುಂಟಾ. ಕೂ ಎಂದು ಹಾಕಿದ, ಸುರಂಗ ಅದನ್ನು ತಿರುಗಿ ಕೂಗಿತು, ನಿಯಮ ಬಲ್ಲ ಸುರಂಗ. ನಿಯಮ ಇಷ್ಟೇ, ಮಾವ ಹೇಳಿಕೊಟ್ಟದ್ದು: ಕಂಡವನು ಕೂಗಬೇಕು, ಜೊತೆಯವನು ಅದನ್ನೇ ತಿರುಗಿ ಕೂಗಬೇಕು, ತಿರುಗಿ ಕೂಗುವ ತನಕ ಕೂಗು ಮುಗಿಯಲಿಲ್ಲ, ಇಂಜಿನ್ನಿನಲ್ಲಿ ಜಗಳವಾಡಬಹುದು, ತಮಾಷೆ ಮಾಡಬಹುದು, ಮಾವನ ಮನೆಯವರನ್ನು ಬಯ್ಯಬಹುದು, ಕೂಗಿನಲ್ಲಿ ಮಾತ್ರ ಕಂಡದ್ದನ್ನು ಬಿಟ್ಟು ಇನ್ನೊಂದನ್ನು ಹೇಳುವಂತಿಲ್ಲ. ಕತ್ತಲೆ ಬಾಯಿ ಮುಚ್ಚಿತು, ಹ್ಯಾಂಡಲ್ಲಿನ ದೀಪ ಒತ್ತಿದ, ಮಿಣುಕಿ ಸತ್ತಿತು, ಚಾರ್ಜಿಗೆ ಹಾಕಲು ಮರೆತಿದ್ದ, ಮರ ಬಿದ್ದ ನಾಟಕದ ತಾಲೀಮಿನಲ್ಲಿ ದೀಪ ಯಾರಿಗೆ ನೆನಪಿರುತ್ತದೆ. ಮಾವ, ದೀಪ ಹೋಯ್ತು, ಏನೂ ಕಾಣಿಸ್ತಿಲ್ಲ. ಹೌದಾ, ಎಂದು ಮಾವ ನಕ್ಕರು, ಬಾ ನನ್ನ ಪಾರ್ಟಿಗೆ. ನಿಲ್ಲಿಸಬೇಡ, ನಿಧಾನ ತುಳಿ, ಈಗ ನಾನು ಕೂಗ್ತೀನಿ, ನೀನು ತಿರುಗಿ ಕೂಗು. ನೇರ. ನೇರ. ತಣ್ಣಗಿನ ಹನಿ ಕತ್ತಿಗೆ ಬಿತ್ತು. ನೀರು ಸೋರೋ ಜಾಗ, ಇನ್ಮೇಲೆ ಎಡಕ್ಕೆ ವಾಲುತ್ತೆ, ಎಡಕ್ಕೆ. ಎಡಕ್ಕೆ, ಎಂದು ಕೂಗಿ ಹ್ಯಾಂಡಲ್ ವಾಲಿಸಿದ, ಬಲಗಿವಿಯ ಪಕ್ಕ ಗೋಡೆಯ ತಂಪು ಹಾದುಹೋಯಿತು, ತಗಲಲಿಲ್ಲ, ಒಂದು ಸಲವೂ ನಿಜವಾ ಮಾವ, ಗ್ಯಾರಂಟಿನಾ, ಎಂದು ಕೇಳಲಿಲ್ಲವಲ್ಲ ತಾನು, ಎಡಕ್ಕೆ ಅಂದರು, ಎಡಕ್ಕೆ ಹೋದೆ — ಈ ಮನುಷ್ಯ ದಿನವೂ ಹೀಗೇ ಇರುತ್ತಾರೆ, ನಾವು ಹಾಲು ಅಂದದ್ದು ಹಾಲು, ಬಾಗಿಲು ಅಂದದ್ದು ಬಾಗಿಲು, ಹಸಿರು ಅಂದದ್ದು ಹಸಿರು, ಒಳ್ಳೇದು ಅಂದರಲ್ಲ, ಹಸಿರಾ, ಒಳ್ಳೇದು. ಬೆಳಕು ಬಂತಾ? ಬಂತು ಮಾವ. ಬೆಳಕು ಬಂತು.

ಬೆಳಕು ಬಂತು, ಕಣ್ಣು ಕುಕ್ಕಿತು, ಜಲ್ಲಿ ದಾರಿ ಮುಗಿದು ಅಡ್ಡಕ್ಕೆ ಕಟ್ಟಿದ ಸರಪಳಿ, ಹಳದಿ ಹಲಗೆಯ ಮೇಲೆ ಎಡಕ್ಕೆ ಬಾಣ, ಬಾಣದ ಪಕ್ಕ ತಲೆಕೆಳಗಾಗಿ ಬೀಳುತ್ತಿರುವ ಸೈಕಲ್ಲಿನ ಚಿತ್ರ, ಕೆಳಗೆ ಬೇರು ಕಲ್ಲುಗಳ ನಡುವೆ ನದಿಯವರೆಗೆ ಜಾರುವ ದಾರಿ, ಎದುರಿಗೆ ಬರೀ ಗಾಳಿ, ಗಾಳಿಯ ಕೆಳಗೆ ಎರಡು ಕಂಬ. ಪಕ್ಕದ ಹಲ್ಲೆರಡು ಉಳಿದು ನಡುವಿನದೆಲ್ಲ ಬಿದ್ದ ಬಾಯಿ, ಅಂಥ ಬಾಯಿಯಾದರೆ ಅಚ್ಚು ತೆಗೆದು ಸರಿಮಾಡುತ್ತಿದ್ದ. ಬ್ರೇಕು ಹಿಡಿದ. ನಿಲ್ಲಿಸಿದ್ಯಾಕೆ, ಸೇತುವೆ ಮುಂದೆ ಕೂಗಬೇಕು, ಮರೆತ್ಯಾ? ಏನಯ್ಯಾ ಮುಂದೆ? ಮರ ಬಿದ್ದಿದೆ, ಮರ ಬಿದ್ದಿದೆ, ಎಷ್ಟು ಸುಲಭ, ನಾಲಿಗೆಯ ತುದಿಯಲ್ಲೇ ಇದೆ, ಮಾವ ತಿರುಗಿ ಕೂಗುತ್ತಾರೆ, ಮರ ಬಿದ್ದಿದೆ, ಬಿದ್ದೇ ಇಲ್ಲದ ಮರವನ್ನು ಆ ಬಾಯಿಂದ, ತಾನು ಕೂರಿಸಿದ ಆ ಹಲ್ಲುಗಳ ನಡುವಿನಿಂದ — ಸೇತುವೆ ಇಲ್ಲ, ಎಂದು ಕೂಗಿದ. ಯಾರ ಗಂಟಲೂ ಅಲ್ಲ, ಅವನದೇ.

ಕೂಗು ಮುಗಿದಿಲ್ಲ. ಕೆಳಗೆ ನದಿ ಕಲ್ಲಿಗೆ ತಾಗಿ ತಾಗಿ ಹೋಗುತ್ತಿದೆ, ಸೀಟಿನ ಸ್ಪ್ರಿಂಗು ಕಿರ್ ಅಂದಿತು, ಇಳಿದುಬಿಡುತ್ತಾರೋ ಏನೋ, ಇಳಿದರೆ ಹೇಗೆ ನಡೆದುಹೋಗುತ್ತಾರೆ, ತನ್ನ ಮಾತು ಕೇಳಿ ಇನ್ನು ಹೆಜ್ಜೆ ಇಡುತ್ತಾರೆಯೇ. ಸೇತುವೆ ಇಲ್ಲ, ಎಂದರು ಮಾವ. ಟಕ್ ಎಂದಿತು ಹಲ್ಲು. ಕಂಬ? ಎರಡು ಕಂಬ ಇದೆ. ಎರಡು ಕಂಬ ಇದೆ. ಮೇಲೆ? ಮೇಲೆ ಏನೂ ಇಲ್ಲ. ಮೇಲೆ ಏನೂ ಇಲ್ಲ. ಹಸಿರು ಬಣ್ಣ ಯಾರದು, ಎಂದರು ಮಾವ. ನನ್ನದು ಮಾವ. ಅದನ್ನು ಅವರು ತಿರುಗಿ ಕೂಗಲಿಲ್ಲ. ಹಾಗಾದ್ರೆ ಅಳಿಯಂದ್ರೇ, ಎಂದರು — ಸೈಕಲ್ ಮೇಲೆ ಕೂತು ಬಹುವಚನ — ಇನ್ಮೇಲೆ ಮನೇಲೂ ಕೂಗೇ ನಡೀಲಿ, ನೀವೂ ಅಷ್ಟೇ, ಮಗಳೂ ಅಷ್ಟೇ, ಬರೀ ಮಾತು ಬೇಡ ನಂಗೆ. ಆಗಲಿ ಮಾವ. ದಾರಿ ಯಾವ ಕಡೆ? ಎಡಕ್ಕೆ, ಇಳಿಜಾರು, ಕಡಿದು, ಕಲ್ಲಿದೆ, ಮಾವ, ನಾವು ವಾಪಸ್ ಹೋಗೋಣ. ವಾಪಸ್ ಅಂತ ಕೇಳಿದ್ನಾ, ಎಂದು ಮಾವ ಉಳಿದದ್ದನ್ನಷ್ಟೇ ತಿರುಗಿ ಕೂಗಿದರು. ಎಡಕ್ಕೆ, ಇಳಿಜಾರು, ಕಡಿದು, ಕಲ್ಲಿದೆ. ಇಬ್ಬರ ಪೆಡಲಿಗೂ ಒಂದೇ ಚೈನು, ಹಿಂದೆ ಕಾಲಿಟ್ಟರೆ ಮುಂದೆ ತಿಳಿಯುತ್ತದೆ, ಅವನ ಅಂಗಾಲಿನ ಕೆಳಗೆ ಪೆಡಲು ತಾನಾಗಿಯೇ ಒಂದಿಷ್ಟು ಕದಲಿ ನಿಂತು ಕಾಯಿತು, ತುಳಿಯಬೇಕು, ಕಣ್ಣು ದಾರಿಯ ಮೇಲಿರಬೇಕು, ಇಳಿಜಾರು, ಕಲ್ಲು, ಬೇರು, ಕಣ್ಣು ದಾರಿಯ ಮೇಲೆ, ಕಣ್ಣು ಮಾತ್ರ ಅಲ್ಲೇ, ನದಿಯ ನಡುವೆ, ಎರಡು ಕಂಬ, ಎರಡು ಕಂಬ, ಮೇಲೆ ಏನೂ ಇಲ್ಲ.